ನಾಲ್ಕಿಂಚಿನ ಗೋಡೆಯಲ್ಲಿ ಒಂದು ಮೊಳದ ಮಾಡ

ಈಚೆಗೆ ನನಗೊಂದು ಚಟ ಹತ್ತಿದೆ. ಯಾರ ಮನೆಗೆ ಹೋದರೂ ಕೂಡುವ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡುತ್ತೇನೆ. ಈಕೆ ಮನೆ ಕೊಳ್ಳಲು ಬಂದಿದ್ದಾಳೋ, ಗೆದ್ದಲು ಹುಡುಕಲು ಬಂದಿದ್ದಾಳೋ ಎಂದು ಚಹ ತಂದವರು ಮುಖ ನೋಡುತ್ತಾರೆ. ಎರಡೂ ಅಲ್ಲ. ಗೋಡೆ ಎಷ್ಟು ದಪ್ಪವಿದೆ ಎಂದು ತಿಳಿಯದೆ ಈಗ ನನಗೆ ಬಾಯಿ ಬಿಡಲು ಧೈರ್ಯ ಸಾಲುವುದಿಲ್ಲ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಹೇಳಿದವಳಿಗೆ ಈ ಗತಿ ಹೇಗೆ ಬಂತು ಎಂದು ಹೇಳುತ್ತೇನೆ, ನಗಬೇಡಿ. ನಕ್ಕರೂ ಮೆಲ್ಲಗೆ ನಗಿ.

ನಾವಿರುವುದು ಗಜೇಂದ್ರಗಡದ ಒಂದು ಅಪಾರ್ಟ್‌ಮೆಂಟಿನಲ್ಲಿ. ಮೂರು ಅಂತಸ್ತು, ಹನ್ನೆರಡು ಮನೆ, ಒಂದು ಲಿಫ್ಟು. ಲಿಫ್ಟು ಇದೆ ಎಂದು ಹೇಳಿಕೊಳ್ಳುವುದೇ ಅದರ ಮುಖ್ಯ ಉಪಯೋಗ. ಊರ ಸುತ್ತ ಇಷ್ಟೊಂದು ಬಯಲು ಬಿದ್ದಿರುವಾಗ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಯಾಕೆ ಸಂಸಾರ ಮಾಡಬೇಕೋ ನನಗಂತೂ ತಿಳಿದಿಲ್ಲ. ನಮ್ಮ ಯಜಮಾನರಿಗೆ ಇಲ್ಲಿನ ಬಜಾರದಲ್ಲಿ ಬಟ್ಟೆ ಅಂಗಡಿ. ನಮ್ಮ ಹಳ್ಳಿ ಸೂಡಿಯಿಂದ ದಿನಾ ಬೈಕಿನಲ್ಲಿ ಓಡಾಡಿ ಸೊಂಟ ಹಿಡಿಯಿತೆಂದು ಮೂರು ವರ್ಷದ ಕೆಳಗೆ ಈ ಫ್ಲ್ಯಾಟು ಕೊಂಡರು. ನಾನು ಬಂದೆ, ಎಂಬತ್ತು ದಾಟಿದ ನಮ್ಮ ಅತ್ತೆಯೂ ಬಂದರು. ಬಂದ ದಿನ ಅತ್ತೆ ಮೂರೂ ಕೋಣೆ ತಿರುಗಿ ನೋಡಿ, "ಡಬ್ಬಿ ಚಲೋ ಐತಿ. ಮುಚ್ಚಳ ಯಾವಾಗ ಹಾಕ್ತಾರ?" ಎಂದು ಕೇಳಿದರು.

ಈ ಡಬ್ಬಿಗಳಲ್ಲಿರುವ ಹೆಂಗಸರಿಗೆಲ್ಲ ಒಂದೇ ಬೇನೆ, ಮನೆ ಸಿಂಗರಿಸುವುದು. ಮೊಬೈಲಿನಲ್ಲಿ ಯಾರದೋ ಎರಡು ಕೈಗಳು, ಮುಖವಿಲ್ಲ, ಬರೀ ಕೈಗಳು, ತತ್ತಿಯ ಟ್ರೇ ಕತ್ತರಿಸಿ ಗುಲಾಬಿ ಮಾಡುತ್ತವೆ. ಮರುದಿನ ನಮ್ಮದೊಂದು ಬಿಟ್ಟು ಹನ್ನೊಂದೂ ಬಾಗಿಲಲ್ಲಿ ಗುಲಾಬಿ. ತತ್ತಿಯ ಹೆಸರೆತ್ತಿದರೆ ಬಾಯಿ ತೊಳೆಯುವ ಮನೆಯವರು ಆ ಟ್ರೇ ಎಲ್ಲಿಂದ ತಂದರು ಎಂದು ಮಾತ್ರ ಕೇಳಬಾರದು. ಒಡೆದ ಬಳೆ, ಹಳೆಯ ಸೀಡಿ, ಐಸ್‌ಕ್ರೀಮಿನ ಕಡ್ಡಿ, ಯಾವುದಕ್ಕೂ ತಿಪ್ಪೆ ಸೇರುವ ಭಾಗ್ಯವಿಲ್ಲ. ಜೋಳ ಕೇರುವ ಮರಕ್ಕೆ ಬಣ್ಣ ಬಳಿದು ಗೋಡೆಗೇರಿಸುತ್ತಾರೆ, ಜೋಳದ ಹಿಟ್ಟನ್ನು ಪಾಕೀಟಿನಲ್ಲಿ ತರುತ್ತಾರೆ. ಎರಡನೆಯ ಮಹಡಿಯ ಒಬ್ಬಾಕೆ ಒನಕೆಯನ್ನು ಪರದೆ ತೂಗಿಸುವ ಕೋಲು ಮಾಡಿಕೊಂಡಳು. ಅದು ಒಂದು ದಿನ ಪರದೆ ಸಮೇತ ಆಕೆಯ ಗಂಡನ ಹೆಗಲ ಮೇಲೆ ಬಿತ್ತು. ಆತ ಎರಡು ವಾರ ಕೈ ಎತ್ತಲಿಲ್ಲ. ನನಗೆ ಕನಿಕರವೇನೂ ಆಗಲಿಲ್ಲ.

ಎಲ್ಲರಿಗಿಂತ ಮುಂದಿದ್ದವಳು ನಮ್ಮ ಪಕ್ಕದ ಮನೆಯ ಶೈಲಾ. ನರಗುಂದದ ಹುಡುಗಿ, ಮೂವತ್ತರ ಆಸುಪಾಸು. ಗಂಡನಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ನೌಕರಿ. ಮನೆಯಲ್ಲಿರುವುದಕ್ಕಿಂತ ಗುಡ್ಡದ ಮೇಲಿರುವುದೇ ಹೆಚ್ಚು. ಇವಳು ದಿನವಿಡೀ ಕತ್ತರಿ, ಅಂಟು ಹಿಡಿದು ಕೂಡುತ್ತಿದ್ದಳು. ಮಾಡಿದ್ದನ್ನು ತನ್ನ ಬಾಗಿಲ ಪಕ್ಕದ ಹಲಗೆಯ ಮೇಲೆ ಇಡುತ್ತಿದ್ದಳು, ಲಿಫ್ಟಿಗೆ ಹೋಗುವವರೆಲ್ಲ ನೋಡಲೇಬೇಕು. ಒಮ್ಮೆ ಪ್ಲಾಸ್ಟಿಕ್ ಚಮಚಗಳ ನವಿಲು. ಒಮ್ಮೆ ಖಾಲಿ ಬಾಟಲಿಗಳಿಗೆ ಕುಪ್ಪಸದ ಕಣದ ತುಂಡುಗಳಿಂದ ಪುಟ್ಟ ಪುಟ್ಟ ಅಂಗಿ. ಕಳೆದ ವರ್ಷವಂತೂ ಪಡಸಾಲೆಯ ಒಂದು ಗೋಡೆಗೆ ಇಟ್ಟಂಗಿಯ ಚಿತ್ರವಿರುವ ಮೆತ್ತನೆಯ ಹಾಳೆ ಅಂಟಿಸಿದಳು. ನೀವೇ ಯೋಚಿಸಿ. ಗೋಡೆ ಕಟ್ಟಿದ್ದು ಇಟ್ಟಂಗಿಯಿಂದ. ಅದು ಕಾಣಬಾರದೆಂದು ಮೇಲೆ ಸಿಮೆಂಟು, ಸಿಮೆಂಟು ಕಾಣಬಾರದೆಂದು ಬಣ್ಣ, ಆ ಬಣ್ಣದ ಮೇಲೆ ಮತ್ತೆ ಇಟ್ಟಂಗಿಯ ಚಿತ್ರ.

ಇದನ್ನೆಲ್ಲ ಅವಳ ಮುಖದ ಮೇಲೆ ಅಂದವಳಲ್ಲ ನಾನು. ಎದುರು ಸಿಕ್ಕರೆ "ಚಲೋ ಆಗೈತಿ ಬಿಡವಾ" ಎಂದೇ ಅಂದಿದ್ದೇನೆ. ಮರ್ಯಾದಸ್ಥರ ಮನೆತನ ನಮ್ಮದು, ಆಡಿಕೊಳ್ಳುವುದಿದ್ದರೆ ಮನೆಯೊಳಗೆ ಬಂದು ಆಡಿಕೊಳ್ಳುತ್ತೇವೆ. ಮದುವೆಯಾದ ಮೊದಲ ಹತ್ತು ವರ್ಷ ನನಗೂ ಅತ್ತೆಗೂ ಎಣ್ಣೆ-ಸೀಗೆಕಾಯಿ. ಆಮೇಲೆ ಯಾರದೋ ಮದುವೆಯಲ್ಲಿ ಬೀಗಿತ್ತಿಯೊಬ್ಬಳ ಸೀರೆ ನೋಡಿ ಇಬ್ಬರೂ ಒಟ್ಟಿಗೇ ಮೂಗು ಮುರಿದೆವು. ಅಂದಿನಿಂದ ಜೀವದ ಗೆಳತಿಯರಾದೆವು. ಸಂಜೆ ಚಹದ ಹೊತ್ತಿಗೆ ದಿನದ ಆಡಿಕೆಯ ಪದಾರ್ಥವನ್ನೆಲ್ಲ ಅವರ ಮುಂದೆ ಸುರಿಯದಿದ್ದರೆ ನನಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಅತ್ತೆಗೆ ಕಿವಿ ಮಂದ. ಹಾಗಾಗಿ ಸುರಿಯುವುದನ್ನು ಶಾಲೆಯ ದನಿಯಲ್ಲೇ ಸುರಿಯಬೇಕು.

"ಅತ್ತೀ, ಇವತ್ತ ಶೈಲಾ ನವಿಲ ಮಾಡ್ಯಾಳರಿ."

"ಏನ ಮಾಡ್ಯಾಳ?"

"ನವಿಲ್ರೀ, ನವಿಲ. ನೋಡಿದ್ರ ಮಳಿಯಾಗ ತೊಯ್ದ ಕೋಳಿ ಇದ್ದಂಗ ಐತಿ. ಬಾಲ ಗೇಣುದ್ದ ಇಲ್ಲ."

ಅತ್ತೆ ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಆ ನಗೆಯ ಆಸೆಗೆ ನಾನು ಇನ್ನೆರಡು ಮಾತು ಸೇರಿಸುತ್ತಿದ್ದೆ. ಎರಡು ದಿನದ ಮೇಲೆ ನೋಡಿದರೆ ನವಿಲಿನ ಬಾಲ ಉದ್ದವಾಗಿತ್ತು. "ಆಕೀಗೂ ತಿಳೀತು ನೋಡ್ರಿ" ಎಂದು ಅದನ್ನೂ ಕೂಗಿಯೇ ಹೇಳಿದೆ.

ಆಡಿಕೊಳ್ಳುವ ವಿದ್ಯೆ ನನಗೆ ತವರಿನ ಬಳುವಳಿ. ಅಬ್ಬಿಗೇರಿಯ ನಮ್ಮ ಮನೆಯಲ್ಲಿ ದಸರೆಗೆ ಮುಂಚೆ ಗೋಡೆ ಸಾರಿಸುವ ಕೆಲಸವಿರುತ್ತಿತ್ತು. ಅವ್ವ ಸೆಗಣಿ, ಮಣ್ಣು ಕಲೆಸಿ ಅಂಗೈಯಿಂದ ಸಾರಿಸುವಳು, ಕೆಳಗೊಂದು ಕೆಮ್ಮಣ್ಣಿನ ಪಟ್ಟಿ ಎಳೆಯುವಳು. ಅದರ ಮೇಲೆ ಜೋಳದ ದಂಟಿನ ತುದಿಯನ್ನು ಸುಣ್ಣದಲ್ಲಿ ಅದ್ದಿ ಚುಕ್ಕಿ ಇಡುವುದು ನನ್ನ ಪಾಲು. ಒಂದು ವರ್ಷ ಸಾಲು ಮುಗಿದರೂ ಕೈ ನಿಲ್ಲದೆ, ಕಟ್ಟೆಯ ಮೇಲೆ ಮಲಗಿದ್ದ ಅಜ್ಜನ ಧೋತರದ ಮೇಲೂ ಚುಕ್ಕಿ ಇಟ್ಟಿದ್ದೆ. ಅಜ್ಜ ಅದನ್ನೇ ಉಟ್ಟು ಸಂತೆಗೆ ಹೋಗಿ ಬಂದ. ಅವ್ವ ಮಾತ್ರ ನನ್ನ ಗೋಡೆಯ ಚುಕ್ಕಿಗಳನ್ನು ನೋಡಿ, "ಇದೇನ ಚುಕ್ಕಿನೋ, ಗ್ವಾಡಿಗೆ ಸಿಡುಬು ಬಂದೈತೋ?" ಎಂದಳು. ನಾನು ಅತ್ತುಬಿಟ್ಟೆ, ಮರುವರ್ಷ ಚುಕ್ಕಿಗಳನ್ನು ದಾರ ಹಿಡಿದು ಇಟ್ಟೆ. ಈಗ ಇದಕ್ಕೆಲ್ಲ ಇಂಗ್ಲಿಷಿನಲ್ಲಿ ಡಿಐವೈ ಎಂದು ಮೂರು ಅಕ್ಷರದ ಹೆಸರಿದೆಯಂತೆ, ನೀವೇ ಮಾಡಿಕೊಳ್ಳಿ ಎಂದು ಅರ್ಥವಂತೆ. ನಮ್ಮ ಅವ್ವನಿಗೆ ಹೇಳಿದ್ದರೆ, ಸೆಗಣಿ ಕೈಯಲ್ಲೇ ಹೆಸರಿಟ್ಟವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಆಗಿನ ಗೋಡೆಗಳ ಮಾತೇ ಬೇರೆ. ಸೂಡಿಯ ಅತ್ತೆಯ ಮನೆಯ ಗೋಡೆ ಕಲ್ಲು-ಮಣ್ಣಿನದು, ಎರಡು ಮೊಳ ದಪ್ಪ. ಹೊಸದಾಗಿ ಬಂದಾಗ ಒಳಗಿನ ಕೋಣೆಯಲ್ಲಿ ನಾನು ಗಂಡನೊಡನೆ ಗಂಟಲು ಹರಿಯುವಂತೆ ಜಗಳಾಡುತ್ತಿದ್ದರೆ ಪಡಸಾಲೆಯಲ್ಲಿ ಮಾವ ಬೀಗರೊಡನೆ ನಗುನಗುತ್ತ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಂಥ ಗೋಡೆಗೆ ಒಂದು ಹೊಟ್ಟೆ ಬೇರೆ ಇರುತ್ತಿತ್ತು, ಅದೇ ಮಾಡ. ಗೋಡೆಯನ್ನು ಕೊರೆದು ಮಾಡಿದ ಕಮಾನಿನ ಗೂಡು. ಅದರಲ್ಲಿ ದೀಪ, ಬಾಚಣಿಗೆ, ಒಡೆದ ಕನ್ನಡಿ, ಮಾವನ ನಶ್ಯದ ಡಬ್ಬಿ, ಎಂದೋ ಹೋಗಿಬಂದ ಬಸ್ಸಿನ ಟಿಕೀಟು, ಎಲ್ಲವೂ ಸಂಸಾರ ಮಾಡಿಕೊಂಡಿದ್ದವು. ಎಷ್ಟೇ ಗಾಳಿ ಬೀಸಲಿ, ಮಾಡದೊಳಗಿನ ದೀಪ ಅಲುಗುತ್ತಿರಲಿಲ್ಲ.

ಆ ಮಾಡವೇ ಈ ಕಥೆಯ ಮೂಲ. ನಮ್ಮ ಮನೆಯಲ್ಲಿ ಮಹಾನವಮಿಯ ಒಂಬತ್ತು ದಿನ ದೀಪ ಹಾಕುವ ಪದ್ಧತಿ ಇದೆ. ಪಾಡ್ಯದ ಮುಂಜಾನೆ ಹಚ್ಚಿದ ದೀಪ ದಸರೆಯ ದಿನ ಬನ್ನಿ ಮುಡಿಯುವ ತನಕ ನಂದಬಾರದು. ಅತ್ತೆ ಮದುವೆಯಾಗಿ ಬಂದ ವರ್ಷದಿಂದ ಒಮ್ಮೆಯೂ ನಂದಗೊಟ್ಟಿಲ್ಲ. ಫ್ಲ್ಯಾಟಿಗೆ ಬಂದ ಮೇಲೂ ಆ ಒಂಬತ್ತು ದಿನ ಸೂಡಿಗೇ ಹೋಗಿ ಹಚ್ಚುತ್ತಿದ್ದರು. ಈ ಬೇಸಿಗೆಯಲ್ಲಿ ನನ್ನ ಮೈದುನ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಶುರುಮಾಡಿದ. ಗೋಡೆಯೊಡನೆ ಮಾಡವೂ ಹೋಯಿತು.

ದೇವರ ಕಪಾಟಿನಲ್ಲಿ ದೀಪ ಇಡೋಣವೆಂದರೆ ಅತ್ತೆ ಒಪ್ಪಲಿಲ್ಲ. ಕಟ್ಟಿಗೆಯ ಕಪಾಟು ಸುಡುತ್ತದೆ, ಬಯಲಲ್ಲಿ ಇಟ್ಟರೆ ಗಾಳಿಗೆ ಆರುತ್ತದೆ ಎಂದರು. ಅದೂ ಸುಳ್ಳಲ್ಲ, ಗಾಳಿಯಂತ್ರ ನೆಡಲು ಆರಿಸಿಕೊಂಡ ಊರು ಇದು. ಕೊನೆಗೆ ಅಮಾವಾಸ್ಯೆಗೆ ನಾಲ್ಕು ದಿನವಿದೆ ಎನ್ನುವಾಗ ತಮ್ಮ ಚೀಲಕ್ಕೆ ಸೀರೆ ತುಂಬಿದರು.

"ಕೊಣ್ಣೂರಾಗ ನನ್ನ ತಮ್ಮನ ಮನಿಯಾಗ ಇನ್ನೂ ಮಾಡ ಐತಿ. ಅಲ್ಲೇ ಹೋಗಿ ದೀಪಾ ಹಾಕ್ತೀನಿ."

"ಗಂಡನ ಮನಿ ದೀಪಾ ತವರ ಮನಿಯಾಗ ಹಚ್ಚತೀಯೇನವ್ವಾ? ಮಂದಿ ಏನಂದಾರು?" ಎಂದರು ಯಜಮಾನರು.

"ಮಂದಿ ಅನ್ನೂದು ನನಗ ಕೇಳಂಗಿಲ್ಲ" ಎಂದರು ಅತ್ತೆ. "ಅಲ್ಲೇ ಹಚ್ಚಿದ ಮ್ಯಾಲ ಅಲ್ಲೇ ಇರತೀನಿ. ದೀಪಾ ಇಡಾಕ ಜಾಗಾ ಇಲ್ಲದ ಮನಿಯಾಗ ನನಗೇನ ಜಾಗಾ?"

ಯಜಮಾನರು ಊರು ಏನಂದೀತೆಂದು ಹೆದರಿದರು. ನನ್ನ ಭಯ ಬೇರೆ. ಅತ್ತೆ ಹೋದರೆ ಸಂಜೆ ನಾನು ಯಾರೊಡನೆ ಮಾತಾಡಲಿ? ಅಂಗಡಿಯಿಂದ ಬಂದ ಗಂಡ ಊಟ ಮಾಡಿ ಮೊಬೈಲು ಹಿಡಿಯುತ್ತಾರೆ. ಇದೇ ಮನೆಯಲ್ಲಿ ಮಾಡ ಮಾಡಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಗೋಡೆ ಕಟ್ಟುವ ಗೌಂಡಿಗೆ ಫೋನು ಮಾಡಿದರೆ ಅವನು, "ಅಕ್ಕಾರ, ಅಪಾರ್ಟ್‌ಮೆಂಟಿನ ಗ್ವಾಡಿ ಕಡೀಬಾರದ್ರಿ. ಹಬ್ಬ ಮುಗೀಲಿ, ಬಂದ ನೋಡ್ತೀನಿ" ಎಂದ. ಕೆಲಸಗಳ್ಳ ಎಂದು ಬೈದುಕೊಂಡೆ. ಮಾಡ ಮಾಡಲು ಗೌಂಡಿಯೇ ಬೇಕೆ? ಅಬ್ಬಿಗೇರಿಯಲ್ಲಿ ಒಲೆ ಹಾಕಿದವಳು, ಗೋಡೆ ಸಾರಿಸಿದವಳು ನಾನು. ಚಮಚದ ಕೋಳಿ ಮಾಡುವವರಂತೆ ಮೊಬೈಲು ನೋಡಿ ಕಲಿಯಬೇಕಾಗಿಲ್ಲ. ಬಜಾರಕ್ಕೆ ಹೋಗಿ ಒಂದು ಉಳಿ, ಒಂದು ಸುತ್ತಿಗೆ, ಅಂಚು ಮೆತ್ತಲು ಒಂದಿಷ್ಟು ಸಿಮೆಂಟು, ಉಸುಕು ತಂದೆ.

ಅಮಾವಾಸ್ಯೆಯ ಮಧ್ಯಾಹ್ನ ಯಜಮಾನರು ಅಂಗಡಿಗೆ ಹೋದ ಮೇಲೆ ಸೆರಗು ಸಿಕ್ಕಿಸಿದೆ. ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುಂದೆ ಕುಳಿತರು. ಸೂಡಿಯ ಮಾಡ ಎಷ್ಟಿತ್ತೆಂದು ಕೇಳಿದ್ದಕ್ಕೆ ಮೊಳಕೈಯಿಂದ ಬೆರಳ ತುದಿಯ ತನಕ ತೋರಿಸಿದರು. ಒಂದು ಮೊಳ ಆಳ. ಸರಿ, ಇದ್ದಿಲಿನಿಂದ ಕಮಾನು ಬರೆದು ಹೊಡೆಯಲು ಹತ್ತಿದೆ. ಗೋಡೆ ಎಂದರೆ ಎರಡು ಮೊಳ ಇದ್ದೇ ಇರುತ್ತದೆ ಎಂಬುದರಲ್ಲಿ ನನಗೆ ಸಂಶಯವೇ ಬರಲಿಲ್ಲ. ಹುಟ್ಟಿದ ಮನೆ, ಸೇರಿದ ಮನೆ, ಎರಡರಲ್ಲೂ ಹಾಗೇ ಇತ್ತಲ್ಲ.

ಸ್ವಲ್ಪ ಹೊತ್ತಿಗೆ ಶೈಲಾ ಬಂದು ಬಾಗಿಲು ಬಡಿದಳು.

"ಅಕ್ಕಾರ, ಏನ ನಡದೈತ್ರಿ? ನಮ್ಮ ಗ್ವಾಡಿ ಅದರಾಕತ್ತೈತಿ."

"ಏನಿಲ್ಲವಾ, ಸಣ್ಣ ಕೆಲಸ" ಎಂದು ಬಾಗಿಲು ಹಾಕಿಕೊಂಡೆ. ಕಲೆಗಾರ್ತಿಗೆ ಸದ್ದಾದರೆ ಏಕಾಗ್ರತೆ ಕೆಡುತ್ತದೇನೋ ಎಂದು ಅತ್ತೆಗೆ ಕೂಗಿ ಹೇಳಿದೆ. ಅತ್ತೆ ನಕ್ಕು, "ಇನ್ನ ಒಂದ ನಾಕ ಬೊಟ್ಟ ಒಳಗ ಹೋಗ್ಲಿ" ಎಂದರು.

ಹೋಯಿತು. ಜೋರಾಗಿ ಒಂದು ಏಟು ಹಾಕಿದೆ, ನನ್ನ ಕಡೆ ಬೀಳಬೇಕಾದ ಇಟ್ಟಂಗಿ ಆ ಕಡೆ ಬಿತ್ತು. ಅದರ ಹಿಂದೆ ಇನ್ನೆರಡು ಬಿದ್ದವು. ಧೂಳು ಅಡಗಿದ ಮೇಲೆ ನೋಡಿದರೆ ಗೋಡೆಯೊಳಗಿಂದ ಬೆಳಕು ಬರುತ್ತಿದೆ. ಬಗ್ಗಿ ನೋಡಿದೆ. ಇಟ್ಟಂಗಿ ಚಿತ್ರದ ಹಾಳೆ ಹರಿದು ಜೋತುಬಿದ್ದಿತ್ತು. ಅದರಾಚೆ ನೆಲದ ಮೇಲೆ ಕತ್ತರಿ ಹಿಡಿದು ಕುಳಿತ ಶೈಲಾ ನನ್ನನ್ನೇ ನೋಡುತ್ತಿದ್ದಳು. ಗೋಡೆ ಇದ್ದದ್ದು ನಾಲ್ಕು ಇಂಚು.

ಆ ಹೊತ್ತಿಗೆ ಸರಿಯಾಗಿ ಅತ್ತೆ ಕುರ್ಚಿಯಿಂದ ಬಗ್ಗಿ, ಇಡೀ ಮಹಡಿಗೆ ಕೇಳುವಂತೆ, "ಯಾರ ಅದಾರ ಆ ಕಡಿ? ಆ ಕೋಳಿ ನವಿಲಿನಾಕಿ ಏನು?" ಎಂದರು.

ನಾನು ಅತ್ತೆಯ ಕಡೆ ಕೈಬೀಸಿದೆ, ಸುಮ್ಮನಿರಿ ಎಂದು. ಶೈಲಾ ಮೆಲ್ಲಗೆ ಎದ್ದು ತೂತಿನ ಹತ್ತಿರ ಬಂದಳು.

"ಇರ್ಲಿ ಬಿಡ್ರಿ ಅಕ್ಕಾರ. ಅಜ್ಜಿ ಹೊಸಾದೇನ ಅನಲಿಲ್ಲ. ಮೂರು ವರ್ಷದಿಂದ ಕೇಳಾಕತ್ತೀನಿ."

"ಏನ ಕೇಳಾಕತ್ತಿ?" ಎಂದೆ. ಕೇಳುವ ಅಗತ್ಯವೇ ಇರಲಿಲ್ಲ.

"ಎಲ್ಲಾನೂ ಕೇಳಸ್ತೈತ್ರಿ. ನಿಮ್ಮ ಸಾರಿಗೆ ಉಪ್ಪ ಹೆಚ್ಚಾಗಿದ್ದೂ ಕೇಳಸ್ತೈತಿ. ನವಿಲಿನ ಬಾಲ ಸಣ್ಣದಾತು ಅಂದ್ರಿ, ಉದ್ದ ಮಾಡಿದ್ನಿ. ಗುಲಾಬಿ ಕೋಬಿ ಗಡ್ಡಿ ಆಗೈತಿ ಅಂದ್ರಿ, ಬಿಚ್ಚಿ ಮತ್ತ ಮಾಡಿದ್ನಿ."

"ನನ್ನ ಮಾತ ಯಾಕ ಮನಸಿಗೆ ಹಚ್ಚಿಕೊಂಡ್ಯವಾ?"

"ಮತ್ಯಾರೂ ನೋಡಂಗಿಲ್ರಿ. ನಮ್ಮ ಮನಿಯವರು ಬಂದ್ರ ಮಲಗತಾರ. ನೀವಾದ್ರೂ ನೋಡ್ತಿದ್ರಿ." ಹರಿದ ಹಾಳೆಯ ತುದಿಯನ್ನು ಅವಳು ಬೆರಳಿನಿಂದ ಸರಿಮಾಡುತ್ತಿದ್ದಳು. "ಬಾಟ್ಲಿ ಮಾತೊಂದ ಅನಬಾರದಿತ್ರಿ."

ಅದು ಯಾವ ಮಾತೆಂದು ನನಗೆ ಆಗಲೇ ನೆನಪಾಯಿತು. ಬಾಟಲಿಗಳಿಗೆ ಅವಳು ಅಂಗಿ ಹೊಲಿದ ದಿನ ಅತ್ತೆಯ ಮುಂದೆ ಕೂಗಿದ್ದೆ, ಮಕ್ಕಳಿಲ್ಲದಾಕಿ ಬಾಟ್ಲಿಗೆ ಅಂಗಿ ತೊಡಿಸಾಕತ್ತಾಳ ಎಂದು. ಅತ್ತೆ ಕೂಡ ಅಂದು ನಕ್ಕಿರಲಿಲ್ಲ. ಮರುದಿನ ಹಲಗೆಯ ಮೇಲೆ ಆ ಬಾಟಲಿಗಳು ಇರಲಿಲ್ಲ. ನಾನು ಅದನ್ನು ಗಮನಿಸಿ, ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಈಗ ಸುತ್ತಿಗೆಯನ್ನು ಕೆಳಗಿಟ್ಟೆ. ನಾಚಿಕೆಯೆಂದರೆ ಏನೆಂದು ಅರವತ್ತೊಂದರ ವಯಸ್ಸಿನಲ್ಲಿ ತಿಳಿಯಿತು. ಆದರೂ ತಪ್ಪಾಯಿತು ಎಂಬ ಒಂದು ಮಾತು ಗಂಟಲಿನಿಂದ ಹೊರಡಲಿಲ್ಲ. ಸಾವಿರಾರು ಮಕ್ಕಳ ಕೈಯಲ್ಲಿ ಅದನ್ನು ಹೇಳಿಸಿದವಳು ನಾನು.

ಅತ್ತೆಗೆ ನಮ್ಮ ಮಾತು ಕೇಳಿರಲಿಲ್ಲ, ತೂತು ಮಾತ್ರ ಕಂಡಿತ್ತು. "ಇದು ಮಾಡ ಅಲ್ಲ, ಕಿಡಕಿ" ಎಂದರು. "ನಾಳೆ ಮುಂಜಾನೆ ಕೊಣ್ಣೂರ ಬಸ್ಸಿಗೆ ನನ್ನ ಹತ್ತಸು." ಅವರು ಸಿಟ್ಟಿನಿಂದ ಹೇಳಿದ್ದರೆ ಬೇರೆ, ಬಹಳ ದಣಿದ ದನಿಯಲ್ಲಿ ಹೇಳಿದರು. ಎದ್ದು ಹೋಗಿ ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡರು.

ಶೈಲಾ ಕೇಳಿದಳು, "ಎಲ್ಲಿ ಹೊಂಟಾರ್ರಿ ಅಜ್ಜಿ?"

ಹೇಳಿದೆ. ಪಾಡ್ಯ, ದೀಪ, ಮಾಡ, ಎಲ್ಲ ಹೇಳಿದೆ. ಸಹಾಯ ಮಾಡು ಎಂದು ಮಾತ್ರ ಕೇಳಲಿಲ್ಲ, ಯಾವ ಬಾಯಿಂದ ಕೇಳಲಿ? ಅವಳು ತೂತಿನೊಳಗೆ ಕೈ ಹಾಕಿ ಅಂಚು ಮುಟ್ಟಿ ನೋಡಿದಳು.

"ಒಂದ ಮೊಳ ಆಗಂಗಿಲ್ರಿ. ನಿಮ್ಮ ಕಡಿ ನಾಕ ಇಂಚು, ನಮ್ಮ ಕಡಿ ನಾ ಒಂದ ಗೂಡು ಹೊರಗ ತಗೀತೀನಿ. ಹಿಂದ ಟೈಲ್ಸ್ ಹಾಕಿದ್ರ ಸುಡಂಗಿಲ್ಲ. ಸಂಜಿ ತನಕ ಆಕ್ಕೈತಿ. ನಿಮ್ಮ ಕಡಿ ಬಿದ್ದ ಇಟ್ಟಂಗಿ ಚೂರೂ ನನಗ ಬೇಕ್ರಿ, ಗಾರೆ ನೀವು ಕಲಸ್ರಿ."

ಆ ಮಧ್ಯಾಹ್ನ ನಾನು ಈ ಕಡೆ, ಅವಳು ಆ ಕಡೆ. ನಾನು ಕಲೆಸಿದ ಗಾರೆ ನೀರಾಯಿತೆಂದು ಎರಡು ಸಲ ತಿರುಗಿಸಿ ಕಳಿಸಿದಳು, ಅದೂ ಒಂದು ಮಾತು ಬೈಯದೆ. ತನ್ನ ಚಂದದ ಗೋಡೆಯ ಹಾಳೆಯನ್ನು ಚರ್ರೆಂದು ಕಿತ್ತಳು, ಬಿದ್ದ ಇಟ್ಟಂಗಿಗಳನ್ನು ಜೋಡಿಸಿಟ್ಟು ತನ್ನ ಕಡೆಗೆ ಉಬ್ಬಿಸಿ ಗೂಡು ಕಟ್ಟಿದಳು. ಹಿಂಬದಿಗೆ ಒಡೆದ ಟೈಲ್ಸಿನ ಚೂರುಗಳನ್ನು ಒಂದೊಂದಾಗಿ ಕೂಡಿಸಿದಳು. ಅವಳ ಕೈ ಗೋಡೆಯೊಳಗಿಂದ ನನ್ನ ಕಡೆ ಬರುತ್ತಿತ್ತು, ಹೋಗುತ್ತಿತ್ತು. ಬೆರಳಿನ ತುದಿಗಳೆಲ್ಲ ಕತ್ತರಿಯಿಂದ ಗಾಯವಾಗಿ ಒರಟಾಗಿದ್ದವು. ಮೂರು ವರ್ಷ ಪಕ್ಕದಲ್ಲಿದ್ದೂ ಆ ಕೈಯನ್ನು ನಾನು ನೋಡಿರಲಿಲ್ಲ, ಆ ಕೈ ಮಾಡಿದ್ದನ್ನು ಮಾತ್ರ ನೋಡಿ ಮೂಗು ಮುರಿದಿದ್ದೆ.

ಯಜಮಾನರು ಅಂಗಡಿಯಿಂದ ಬಂದು, ಪಡಸಾಲೆಯ ಧೂಳು ನೋಡಿ, ಗೋಡೆ ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದರು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಕಲಿತ ಜಾಣತನ ಅದು.

ಪಾಡ್ಯದ ಮುಂಜಾನೆ ಅತ್ತೆ ಮಿಂದು ಬಂದರು. ಮಾಡದ ಮುಂದೆ ನಿಂತು, ಕೈ ಒಳಗೆ ಹಾಕಿ ಆಳ ನೋಡಿದರು, ಅಂಗೈಯಿಂದ ತಳ ಸವರಿದರು. ಆಮೇಲೆ ಚೀಲ ಬಿಚ್ಚಿದರು, ಸೀರೆಗಳ ನಡುವೆ ಸುತ್ತಿಟ್ಟಿದ್ದ ಹಿತ್ತಾಳೆಯ ಹಣತೆ ತೆಗೆದರು. ದೀಪ ಹಚ್ಚಿದರು. ಬಾಲ್ಕನಿಯ ಬಾಗಿಲು ತೆರೆದೇ ಇತ್ತು, ಗಾಳಿ ಪರದೆ ಹಾರಿಸುತ್ತಿತ್ತು. ಮಾಡದೊಳಗೆ ಕುಡಿ ಅಲುಗಲಿಲ್ಲ. ಅತ್ತೆ ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, ಚಹ ತಾ ಎಂದರು. ಅವರು ಎಲ್ಲಿಗೂ ಹೋಗುವುದಿಲ್ಲ ಎಂದು ನನಗೆ ಆಗ ಖಾತ್ರಿಯಾಗಿ, ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಚಹ ಕುಡಿಯುತ್ತ ಅತ್ತೆ ಕೇಳಿದರು. "ದೀಪದ ಹಿಂದ ಅದೇನೈತಿ, ಕೋಬಿ ಗಡ್ಡಿ ಏನು?"

ಟೈಲ್ಸಿನ ಚೂರುಗಳಿಂದ ಶೈಲಾ ಮಾಡಿದ್ದು ಕಮಲ. ಖರೇ ಹೇಳಬೇಕೆಂದರೆ ಅದು ಎಲೆಕೋಸಿನ ಹಾಗೆಯೇ ಇತ್ತು.

"ಕಮಲ ರೀ ಅತ್ತಿ" ಎಂದೆ. "ಭಾಳ ಚಂದ ಆಗೈತಿ."

ಗೋಡೆಯ ಆ ಕಡೆಯಿಂದ ಮಾತು ಬಂತು. "ಅಕ್ಕಾರ, ಸುಳ್ಳ ಹೇಳುವಾಗ ನಿಮ್ಮ ದನಿ ಸಣ್ಣ ಆಗತೈತ್ರಿ."

ಅವಳು ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ನಾನು ಎದ್ದು ದೀಪದ ಪಕ್ಕ ಗೋಡೆಗೆ ಮುಖ ಮಾಡಿ ನಿಂತೆ. ಹೇಳಬೇಕಾದ ಮಾತು ಇನ್ನೂ ಹಾಗೇ ಉಳಿದಿತ್ತು. ಮೆಲ್ಲಗೆ ಹೇಳಿದರೆ ಇದನ್ನೂ ಸುಳ್ಳೆಂದುಕೊಂಡಾಳು. ಕೊನೆಯ ಬೆಂಚಿಗೆ ಪಾಠ ಹೇಳುವ ದನಿಯಲ್ಲಿ, ಅವಳನ್ನು ಮೂರು ವರ್ಷ ಆಡಿಕೊಂಡ ಅದೇ ದನಿಯಲ್ಲಿ ಹೇಳಿದೆ.

"ಶೈಲಾ, ಬಾಟ್ಲಿ ಮಾತು ನಾ ಅನಬಾರದಿತ್ತು. ತಪ್ಪಾತು ನಂದು."

ಮೆಟ್ಟಿಲಿಳಿಯುತ್ತಿದ್ದವರು ಯಾರೋ ನಿಂತ ಸದ್ದಾಯಿತು. ಒಳಗೆ ಯಜಮಾನರ ಮೊಬೈಲು ಬಾಯಿ ಮುಚ್ಚಿತು. ಅತ್ತೆಗೂ ಕೇಳಿತು, ಅವರು ಚಹದ ಬಸಿ ಕೆಳಗಿಟ್ಟರು.

"ಕೇಳಿಸ್ತ್ರಿ, ಅಕ್ಕಾರ" ಎಂದಳು ಶೈಲಾ.